ಪುಣೆಯ ಉಡಿ, ಧಾರವಾಡದ ಉಡಿ

ಪುಣೆಗೆ ಬಂದ ಮೂರನೆಯ ವಾರ, ಗರಡಿಮನೆಯಲ್ಲಿ ಲಂಗೋಟಿ ಬಿಗಿದ ಮುದುಕರೊಬ್ಬರು ಎಲ್ಲರೆದುರು ನನ್ನತ್ತ ಕೂಗಿದರು: “ಉಡೀ ಘೇ!” ಘೇ ಅಂದರೆ ತಗೋ, ಅಷ್ಟು ಮರಾಠಿ ಬರುತ್ತಿತ್ತು. ಉಡಿ ಅಂತೂ ನಮ್ಮದೇ ಮಾತು, ಮಡಿಲು. ಅವರ ಕೈಯಲ್ಲಿ ನೆನೆಸಿದ ಕಡಲೆಯ ಬೋಗುಣಿ ಬೇರೆ. ನಾನು ಅಂಗಿಯ ಚುಂಗನ್ನು ಎರಡೂ ಕೈಯಿಂದ ಹಿಡಿದು ಉಡಿಯೊಡ್ಡಿ ನಿಂತೆ.

ಮೊದಲು ನಕ್ಕವನು ಶಾಮ. ಧಾರವಾಡದಲ್ಲಿ ನನ್ನ ಓಣಿಯವನೇ. ಒಂದು ವರ್ಷ ಮೊದಲು ಇಲ್ಲಿಗೆ ಬಂದಿದ್ದ.

“ಲೇ ರಾಘ್ಯಾ, ಇಲ್ಲೆ ಉಡಿ ಅಂದ್ರ ಜಿಗಿಯೋದಲೇ! ನಿಂದೇನ್ ಸೀಮಂತ ನಡದದ?”

ಅದನ್ನೇ ಉಳಿದವರಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದ. ನಮ್ಮ ಉಡಿಗೆ ಅವರ ಮಾತು ಓಟಿ. ಅಂದಿನಿಂದ ನಾನು ಓಟೀರಾವ್. ಶಾಮನನ್ನು ಮಾತ್ರ ಹುಟ್ಟಾ ಪುಣೆಯವರೂ ತಮ್ಮವನೆಂದೇ ತಿಳಿಯುತ್ತಿದ್ದರು. ಅವನ ನಾಲಿಗೆ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಗರಡಿಗೆ ನಮ್ಮನ್ನು ಕಳಿಸಿದ್ದು ಬಾಸ್ಕೆಟ್‌ಬಾಲ್. ಕಂಬದ ಮೇಲಿನ ಕಬ್ಬಿಣದ ಬಳೆಯೊಳಗೆ ಚೆಂಡು ಹಾಕುವ ಆ ಆಟ ನಾವು ಓದುತ್ತಿದ್ದ ಕಾಲೇಜಿಗೆ ಹೊಸದು. ಐವರಲ್ಲಿ ನಾಲ್ವರು ಗೊತ್ತಾಗಿದ್ದರು. ಉಳಿದ ಒಂದು ಜಾಗಕ್ಕೆ ಶಾಮ ಮತ್ತು ನಾನು. “ಕೈ ಇವೆ, ಜಿಗಿಯುವ ಕಾಲಿಲ್ಲ,” ಎಂದು ಆಟದ ಮಾಸ್ತರರು ಇಬ್ಬರನ್ನೂ ಒಂದು ತಿಂಗಳು ತಾಲೀಮಿಗೆ, ಅಂದರೆ ಗರಡಿಮನೆಗೆ, ಅಟ್ಟಿದರು. ನನಗೆ ಆ ಜಾಗ ಬೇಕೇ ಬೇಕಿತ್ತು. ಈ ಊರಲ್ಲಿ ನಾಲಿಗೆಯ ಹಂಗಿಲ್ಲದೆ ಸಿಗಬಹುದಾದದ್ದು ಅದೊಂದೇ.

ನಮ್ಮಲ್ಲಿ ಬಸ್ಕಿ ಅಂದರೆ ಪಾಠ ಬಾರದವನಿಗೆ ಶಿಕ್ಷೆ. ಇಲ್ಲಿ ಅದಕ್ಕೇ ಬೈಠಕ್ ಎಂದು ಹೆಸರಿಟ್ಟು ಮರ್ಯಾದೆ ಕೊಡುತ್ತಾರೆ. ಆ ಕಡಲೆಯ ಮುದುಕರೇ ಗರಡಿಯ ಗುರು, ವಸ್ತಾದರು; ಅವರು ಎಣಿಸುತ್ತ ಹೋದರೆ ತೊಡೆ ನಡುಗುತ್ತಿತ್ತು. ಶಾಮ ನಡುನಡುವೆ ಜೋಕು ಹೇಳಿ ಅವರನ್ನು ನಗಿಸಿ, ಎಣಿಕೆ ತಪ್ಪಿಸಿ, ಹತ್ತು ಉಳಿಸಿಕೊಳ್ಳುತ್ತಿದ್ದ. ನಾನು ಎಲ್ಲವನ್ನೂ ಹೊಡೆದೆ.

ಸಾಲದೆಂದು, ಶಾಮನಿಗೆ ತಿಳಿಯದಂತೆ, ಕಾಲಿಗೆ ಕಳ್ಳ ಅಭ್ಯಾಸವನ್ನೂ ಹೂಡಿದೆ. ನಾವಿಬ್ಬರೂ ಒಂದೇ ವಾಡೆಯ, ಎಂದರೆ ನಡುವೆ ಅಂಗಳವಿಟ್ಟು ಸುತ್ತ ಹಲವು ಬಿಡಾರ ಕಟ್ಟಿದ ಮನೆಯ, ಮಾಳಿಗೆಯಲ್ಲಿದ್ದೆವು. ದಿನಾ ಬೆಳಿಗ್ಗೆ ಮನೆಯೊಡತಿ ಕಾಕೂಗೆ ನೀರಿನ ಬಿಂದಿಗೆಗಳನ್ನು ತುದಿಗಾಲಲ್ಲೇ ಮೆಟ್ಟಿಲೇರಿಸುತ್ತಿದ್ದೆ. ನಲವತ್ತು ಬಿಂದಿಗೆ ಎಂದು ಬರೆಯಹೊರಟಿದ್ದೆ. ಸುಳ್ಳು, ಆರೋ ಏಳೋ. “ಗುಣಾಚಾ ಮುಲಗಾ,” ಗುಣವಂತ ಹುಡುಗ, ಎಂದು ಕಾಕೂ ಹೊಗಳುವರು. ಮರುಕ್ಷಣ, ಶಾಮನನ್ನು ಕರಿ, ಅವನಿಗೆ ಥಾಲಿಪೀಠದ ರೊಟ್ಟಿ ಬಿಸಿ ಇದೆ ಎನ್ನುವರು. ನನಗೆ ಬೆಲ್ಲ ಬಿದ್ದ ಬೇಳೆಸಾರು, ಅವರ ಆಮಟಿ. ಖಾರ ಬೇಕೆಂದು ಕೇಳಲು ವಾಕ್ಯ ಕೂಡಿಸುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು.

ತಿಂಗಳ ಕೊನೆಗೆ, ಪರೀಕ್ಷೆಯ ದಿನ, ಮಾಸ್ತರರು ಗರಡಿಗೇ ಬಂದು ನಮ್ಮ ಬೆರಳಿಗೆ ಸುಣ್ಣ ಹಚ್ಚಿ ಗೋಡೆಗೆ ಜಿಗಿಸಿದರು. ಯಾರ ಗುರುತು ಮೇಲೋ ಜಾಗ ಅವನದು. ಮೊದಲು ಶಾಮ. ಅವನ ಕಾಲು ಜಾರಲಿ ಎಂದುಕೊಂಡೆ. ಎಂದುಕೊಂಡೆನೋ ಅಥವಾ ಈಗ ಹಾಗೆ ಅನಿಸುತ್ತಿದೆಯೋ? ಬಾಯಂತೂ ಬಿಗಿದೇ ಇತ್ತು, ಅದು ಖಾತ್ರಿ. ಅವನ ಗುರುತು ಎತ್ತರಕ್ಕೇ ಬಿತ್ತು.

ನನ್ನ ಸರದಿ. “ಉಡೀ ಘೇ!” ಎಂದರು ವಸ್ತಾದರು. ನನ್ನ ಕೈಗಳು ತಾವಾಗಿ ಅಂಗಿಯ ಚುಂಗಿಗೆ ಹೋದವು. ಕಂಡವನು ಶಾಮ ಒಬ್ಬನೇ. ನಗಲಿಲ್ಲ.

“ಹಾರಲೇ ರಾಘ್ಯಾ! ಹಾರು!” ಎಂದು ಕನ್ನಡದಲ್ಲಿ ಕೂಗಿದ.

ಹಾರಿದೆ. ಅವನಿಗಿಂತ ಎರಡು ಬೆರಳು ಮೇಲೆ. ನೆನಪಿನಲ್ಲಿ ಅದು ವರ್ಷವರ್ಷಕ್ಕೂ ಬೆಳೆಯುತ್ತಿದೆ, ಎರಡೇ ಇರಲಿ.

ಶಾಮ ನನ್ನ ಬೆನ್ನಿಗೆ ಗುದ್ದಿದ. “ಇನ್ ಮ್ಯಾಲ ಕಾಕೂನ ನೀರು ಯಾರ್ ಹೊರತಾರೋ ಓಟೀರಾವ್?” ಅಂದರೆ ನನ್ನ ಕಳ್ಳ ಅಭ್ಯಾಸ ಅವನಿಗೆ ಮೊದಲಿಂದಲೂ ಗೊತ್ತಿತ್ತು! ಗೊತ್ತಿದ್ದೂ ತಾನು ಒಂದೂ ಬಿಂದಿಗೆ ಎತ್ತಿರಲಿಲ್ಲ. ಜಾಗ ನನ್ನದಾಯಿತು; ಹೊಟ್ಟೆಯ ಉರಿ ಆರಲಿಲ್ಲ.

ಆ ವರ್ಷ ಧಾರವಾಡದಲ್ಲಿ ಅಕ್ಕನ ಸೀಮಂತ. ಅವ್ವ ಅಕ್ಕಿ, ಕೊಬ್ಬರಿ ಹಿಡಿದು “ಉಡಿ ಒಡ್ಡವಾ” ಎಂದಳು. ಬಾಗಿಲಲ್ಲಿ ನಿಂತಿದ್ದ ನನ್ನ ಹಿಮ್ಮಡಿಗಳೆರಡೂ, ಪುಣೆಯ ಉಡಿ ಕೇಳಿದಂತೆ, ತಟ್ಟನೆ ನೆಲ ಬಿಟ್ಟವು.

ಪಕ್ಕದಲ್ಲಿ ಶಾಮ ಕೊಬ್ಬರಿ ಮೆಲ್ಲುತ್ತ ನಿಂತಿದ್ದ. ಅವನ ಹಿಮ್ಮಡಿ ನೆಲದ ಮೇಲೇ ಇತ್ತು.