ಮಗಳ ಇಂಗ್ಲಿಷೂ ಎಡಕ್ಕೆ ಬಿದ್ದ ಹೂವೂ

ಮೊಮ್ಮಗನ ವಿಷಯ ಎತ್ತಿದರೆ ಸಾಕು, ನನ್ನ ಬಾಯಿ ನಿಲ್ಲುವುದಿಲ್ಲ. ಅಷ್ಟು ಸಂತೋಷ. ಆದರೆ ಅವನು ಹುಟ್ಟುವ ಮುಂಚಿನ ದಿನಗಳನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಎರಡು ಸಾವಿರದ ಇಸವಿ ದಾಟಿತ್ತು. ಮಗಳು ಚೊಚ್ಚಲ ಹೆರಿಗೆಗೆಂದು ಬಟವಾಡಿಯ ನಮ್ಮ ಮನೆಗೆ ಬಂದಿದ್ದಳು. ಸಂಜೆ ಬೀದಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ರಾಗಿ ಕೇರುತ್ತಾ ಕಿವಿಯನ್ನು ಅತ್ತ ಕೊಟ್ಟಿರುತ್ತಿದ್ದೆ. ‘ಲುಕ್ ಬಿಫೋರ್ ಯು ಲೀಪ್’ ಅಂದರೆ ಹಾರುವ ಮುಂಚೆ ನೋಡು. ‘ಬೈಟ್ ದ ಬುಲೆಟ್’ ಅಂದರೆ ಹಲ್ಲು ಕಚ್ಚಿಕೊಂಡು ಕಷ್ಟಕ್ಕೆ ಎದೆ ಕೊಡು. ಇಂಗ್ಲಿಷಿನವರಿಗೂ ನಮ್ಮ ಹಾಗೆಯೇ ಭಯವಿತ್ತಲ್ಲ ಅನ್ನಿಸುತ್ತಿತ್ತು.

“ಸಿಟ್ಟಿಂಗ್ ಆನ್ ದ ಫೆನ್ಸ್ ಅಂದ್ರೇನೇ?” ಎಂದು ಕೇಳಿದೆ.

“ಬೇಲಿ ಮೇಲೆ ಕೂರೋದು ಕಣವ್ವ. ಈ ಕಡೆಗೂ ಇಳಿಯಲ್ಲ, ಆ ಕಡೆಗೂ ಇಳಿಯಲ್ಲ. ತೀರ್ಮಾನ ಮಾಡ್ದೆ ಇರೋರ್ಗೆ ಅಂಗಂತಾರೆ.”

“ನಮ್ ಕಡೆ ಬೇಲಿ ಕತ್ತಾಳೇದು. ಎಂಗೆ ಕೂರ್ತಾರೆ, ಮುಳ್ಳು ಚುಚ್ಚಲ್ವಾ?” ಅಂದೆ. ಮಕ್ಕಳು ಬಿದ್ದು ಬಿದ್ದು ನಕ್ಕವು.

ಅಷ್ಟರಲ್ಲಿ ಡಾಕ್ಟರಮ್ಮ, ಮಗು ಅಡ್ಡ ತಿರುಗಿದೆ, ಆಪರೇಷನ್ ಬೇಕಾಗಬಹುದು ಎಂದರು. ಕುಣಿಗಲ್ ಕಡೆಯ ಅಮೃತೂರಿನಿಂದ ಬೀಗಿತ್ತಿ ಓಡಿ ಬಂದರು. ಗುಬ್ಬಿ ಕಡೆ ಇರುವ ಅವರ ಮನೆದೇವರ ಹತ್ತಿರ ಹೂ ಕೇಳಲು ಹೋದೆವು. ಆಪರೇಷನ್ ಮಾಡಿಸಬಹುದಾದರೆ ಬಲಕ್ಕೆ ಹೂ ಕೊಡು ಎಂದು ಬೇಡಿಕೊಂಡೆವು. ತುಂಬ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಒಂದು ಹೂವು ಎಡಕ್ಕೆ ಜಾರಿತು.

ಅಂದಿನಿಂದ ಮನೆಯಲ್ಲಿ ಆಪರೇಷನ್ ಎಂಬ ಮಾತನ್ನೇ ಯಾರೂ ಆಡಲಿಲ್ಲ. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ಮಗು ಅಲುಗದಿದ್ದರೆ ನನ್ನ ಉಸಿರೂ ನಿಲ್ಲುತ್ತಿತ್ತು.

ಒಂದು ಬೆಳಗ್ಗೆ ನೋವು ಬಂತು. ಬೀಗಿತ್ತಿಯೂ ನಾನೂ ಮಗಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಅಳಿಯ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದ. “ಮಗೂದು ಎದೆಬಡಿತ ಇಳೀತಿದೆ. ಆಪರೇಷನ್ ಮಾಡ್ಲಾ ಬೇಡ್ವಾ, ಬೇಗ ಹೇಳಿ,” ಎಂದರು ಡಾಕ್ಟರಮ್ಮ.

“ದ್ಯಾವ್ರು ಬ್ಯಾಡ ಅಂದವ್ನೆ,” ಎಂದು ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತರು.

ನಾನು ಅವರ ಮುಖ ನೋಡಿದೆ, ಇವರ ಮುಖ ನೋಡಿದೆ. ಮಂಚದ ಮೇಲಿನಿಂದ ಮಗಳು ನರಳಿದಳು: “ಅವ್ವಾ, ಬೇಲಿ ಮೇಲೆ ಕೂತ್ಕೋಬೇಡ ಕಣವ್ವ. ನಂಗೆ ಮಗು ಬೇಕು.”

“ಮಾಡಿ ಡಾಕ್ಟ್ರೇ,” ಅಂದುಬಿಟ್ಟೆ.

ಬೀಗಿತ್ತಿಯನ್ನು ಪಕ್ಕಕ್ಕೆ ಸರಿಸಿ ಮಗಳನ್ನು ಆಪರೇಷನ್ ಕೋಣೆಗೆ ಕರೆದೊಯ್ದರು, ಬಾಗಿಲು ಮುಚ್ಚಿಕೊಂಡಿತು. “ಏನಾರಾ ಆದ್ರೆ ನಿನ್ ತಲೆ ಮ್ಯಾಲೆ,” ಎಂದರು ಬೀಗಿತ್ತಿ.

“ಆಗ್ಲಿ ಬುಡಕ್ಕ,” ಅಂದೆ.

ಕೊನೆಗೆ ಅಳು ಕೇಳಿಸಿತು. ಅಯ್ಯೋ, ಎಂಥಾ ಗಂಟಲು! ತಾಯಿಯೂ ಚೆನ್ನಾಗಿದ್ದಳು. ನರ್ಸ್ ಮಗುವನ್ನು ತಂದಾಗ ಬೀಗಿತ್ತಿ ಕೈ ಚಾಚಲಿಲ್ಲ. ನಾನೇ ಎದೆಗವಚಿಕೊಂಡೆ, ಅತ್ತೆ, ನಕ್ಕೆ.

ಈಗ ಅವನು ಮನೆ ತುಂಬ ಓಡಾಡುತ್ತಾನೆ. ಆದರೆ ಸ್ವಲ್ಪ ಜ್ವರ ಬಂದರೂ ಅಮೃತೂರಿನಿಂದ ಬೀಗಿತ್ತಿಯ ಫೋನ್ ಬರುತ್ತದೆ: “ಎಂಗವ್ನೆ?” ಅಷ್ಟೇ. ಬೇರೆ ಮಾತಿಲ್ಲ.

“ಚೆನ್ನಾಗವ್ನೆ ಕಣಕ್ಕ,” ಅನ್ನುತ್ತೇನೆ. ಫೋನ್ ಇಟ್ಟು, ಮಲಗಿರುವವನ ಹಣೆಯನ್ನು ಇನ್ನೊಂದು ಸಲ ಮುಟ್ಟಿ ನೋಡುತ್ತೇನೆ.