ಒಂದು ಹಿಡಿ ಮೆಣಸಿನಕಾಯಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ಕಾಯಿ ಮುರಿದು ಮೂಸಿದರೆ ಅದರ ಕುಲಗೋತ್ರ ಹೇಳುತ್ತೇನೆಂದು ಊರಲ್ಲಿ ಖ್ಯಾತಿ ಇತ್ತು, ಹಬ್ಬಿಸಿದವನೂ ನಾನೇ. ಆ ಪಾಂಡಿತ್ಯವೇ ನಾಲ್ಕು ತಿಂಗಳ ಮೊಮ್ಮಗನ ಹೊಲಿಗೆ ಬಿಚ್ಚಿಸಿತು.

ಮಗಳ ಕೂಸಿಗೆ ತೊಡೆಸಂದಿನಲ್ಲಿ ಹರ್ನಿಯಾ ಇತ್ತು. ರಾಣೆಬೆನ್ನೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಭಾಳ ಅಳಸಬ್ಯಾಡ್ರಿ. ಕೆಮ್ಮು ಬಂದ್ರ ಲಗೂ ಕರಕೊಂಡು ಬರ್ರಿ" ಎಂದಿದ್ದರು.

ಮನೆಗೆ ಬಂದದ್ದೇ ನಮ್ಮ ಮನೆಯಾಕೆ ಬಚ್ಚಲೊಲೆಯ ಕೆಂಡವನ್ನು ಅಗ್ಗಿಷ್ಟಿಗೆಗೆ ಸುರಿದಳು. "ಆಸ್ಪತ್ರ್ಯಾಗ ಎಷ್ಟ ಮಂದಿ ಕಣ್ಣು ಬಿದ್ದಾವೋ ಏನೋ. ದೃಷ್ಟಿ ತೆಗೀತೇನಿ. ಎರಡ ಕಾಯಿ ತರ್ರಿ."

ಎರಡು ಕಾಯಿ ಕೊಡುವುದು ನನ್ನ ಘನತೆಗೆ ಒಪ್ಪಲಿಲ್ಲ. ಡಬ್ಬಿಯಿಂದ ಒಂದು ಹಿಡಿ ಆರಿಸಿ ತಂದೆ.

"ಅಪ್ಪಾ, ಹೊರಗ ಮಾಡ್ರಿ. ಘಾಟ ಆಕ್ಕೇತಿ" ಎಂದಳು ಮಗಳು.

"ನನಗ ಹೇಳತೀಯೇನ? ನಮ್ಮ ಕಾಯಿ ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ."

ಕೂಸಿಗೆ ಗಾಳಿ ಬಡಿಯಬಾರದೆಂದು ಕಿಟಕಿ ಮುಚ್ಚಿತ್ತು. ಮನೆಯಾಕೆ ಉಪ್ಪು, ಕಾಯಿ ಕೂಸಿನ ಸುತ್ತ ಇಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ಇತ್ತು, ಬಂದರೆ ಇರಲಿಲ್ಲ ಎಂಬುದು ಅವಳ ಶಾಸ್ತ್ರ. ಅಂದು ದೃಷ್ಟಿ ಇರಲಿಲ್ಲವೆಂಬುದು ಓಣಿಗೆಲ್ಲ ತಿಳಿಯಿತು. ಕೂಸು ಕೆಮ್ಮಿತು, ಅತ್ತಿತು, ಮತ್ತೆ ಕೆಮ್ಮಿತು. ಅರ್ಧ ತಾಸು.

ಬೆಳಗ್ಗೆ ಬ್ಯಾಂಡೇಜಿನಲ್ಲಿ ರಕ್ತ ಇತ್ತು, ಸುತ್ತ ಬಾವು. ಮತ್ತೆ ರಾಣೆಬೆನ್ನೂರು.

"ಹೊಲಿಗಿ ಬಿಚ್ಚೇತಿ. ಕೆಮ್ಮಿತ್ತೇನ್ರಿ?" ಡಾಕ್ಟರಮ್ಮ ಕೇಳಿದರು.

"ಹವಾ ಬದಲಾಗೇತಲ್ರಿ..." ಮನೆಯಾಕೆ ಸೆರಗಿನ ಅಂಚು ನೋಡುತ್ತ ಹೇಳಿದಳು. ಮಗಳು ನನ್ನನ್ನು ನೋಡಿದಳು. ನಾನು ಗೋಡೆಯ ಲಸಿಕೆ ಪಟ್ಟಿಯನ್ನು ಬಹಳ ಗಂಭೀರವಾಗಿ ಓದಿದೆ.

"ಎದಿಯೊಳಗ ಕಫ ಇರಬಹುದು. ಅದು ಗೊತ್ತಾಗೂತನಕ ಮತ್ತ ಮಂಪರು ಕೊಟ್ಟು ಹೊಲಿಯಾಕ ಬರೂದಿಲ್ಲ. ರಕ್ತ ತೆಗೀರಿ ಸಿಸ್ಟರ್. ಹಾವೇರಿಗೆ ಕಳಸಬೇಕಾದೀತು."

ನರ್ಸಮ್ಮ ಎಡಗೈಗೆ ಸೂಜಿ ಚುಚ್ಚಿದರು. ನರ ಸಿಗಲಿಲ್ಲ. ಕೂಸು ದನಿ ಹೊರಡದಷ್ಟು ಅತ್ತಿತು. ಅವರು ಬಲಗೈ ಹಿಡಿದರು.

"ನಿಲ್ರಿ ತಾಯಿ" ಎಂದೆ. "ಕಫ ಅಲ್ಲರಿ. ದೃಷ್ಟಿ ತೆಗದಿದ್ವಿ. ಮೆಣಸಿನಕಾಯಿ ಹೊಗಿ."

"ಎಷ್ಟ ಸುಟ್ರಿ?" ಡಾಕ್ಟರಮ್ಮ ಕೇಳಿದರು.

"ಒಂದು ಹಿಡಿ. ಮೊದಲನೇ ದರ್ಜೆ ಮಾಲು."

ಕೊನೆಯ ಮಾತು ಯಾಕೆ ಬಂತೋ. ಮೂವತ್ತು ವರ್ಷದ ಚಟ.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. "ಸ್ವಚ್ಛ ಐತಿ. ಹಾವೇರಿ ಬ್ಯಾಡ, ಸಂಜೀಕ ಹೊಲೀತೇನಿ. ಮೊದಲ ಹೇಳಿದ್ರ ಆ ಸೂಜಿ ಉಳೀತಿತ್ತಲ್ರಿ, ಅಜ್ಜಾರ."

ಸಂಜೆ ಹೊಲಿಗೆ ಆದಮೇಲೆ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಬೆನ್ನು ನೋಯುತ್ತಿತ್ತು, ಯಾರೂ ಕೇಳಲಿಲ್ಲ, ಹೇಳುವ ಮುಖವೂ ನನಗಿರಲಿಲ್ಲ.

ಮನೆಗೆ ಬಂದಾಗ ಮನೆಯಾಕೆ ಹೊಸ್ತಿಲಲ್ಲಿ ರೂಢಿಯಂತೆ ಎಲ್ಲರನ್ನೂ ನಿಲ್ಲಿಸಿದಳು. ಮಗಳು ಕೂಸನ್ನು ಎದೆಗೆ ಒತ್ತಿಕೊಂಡಳು. ಮನೆಯಾಕೆ ಒಂದು ತಂಬಿಗೆ ನೀರು ಇಳಿಸಿ ಬೀದಿಗೆ ಚೆಲ್ಲಿದಳು, ಅಷ್ಟೇ. ನಾನು ಕೈ ಚಾಚಿದೆ. ಎಡಗೈಗೆ ಇನ್ನೂ ಪಟ್ಟಿ ಅಂಟಿದ್ದ ಕೂಸನ್ನು ಮಗಳು ನನಗೆ ಕೊಡದೆ ಒಳಗೆ ಹೋದಳು.

ನಾನು ಹಿಂದೆಯೇ ಹೋಗಿ ಕೋಣೆಯ ಕಿಟಕಿ ತೆಗೆದೆ.