ನೂರೈವತ್ತು ಗ್ರೇನ್ ಸುಳ್ಳು

ಹೋದ ತಿಂಗಳು ನಾನು ಮಧುಗಿರಿಯ ಅಕ್ಕಸಾಲಿಗರೊಬ್ಬರ ಅಂಗಡಿಗೆ ಹೋಗಿ, ಕೋಟಿನ ಜೇಬಿನಿಂದ ಹತ್ತು ರೈಫಲ್ ತೋಟಾ ತೆಗೆದು ಅವರ ಮುಂದಿಟ್ಟು, "ಇವನ್ನು ಒಂದೊಂದಾಗಿ ತೂಗಿಕೊಡಿ" ಎಂದೆ.

ಆಚಾರರು ಚಿನ್ನ ತೂಗುವವರು. ಕನ್ನಡಕವನ್ನು ಹಣೆಗೇರಿಸಿ ಒಮ್ಮೆ ತೋಟಾಗಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಏನ್ ಸ್ವಾಮಿ, ಇದ್ರಾಗೂ ಬೆರಕೆ ಮಾಡ್ತಾರಾ?"

"ಅದನ್ನೇ ನೋಡಬೇಕು. ತೂಗಿ."

ಗುಲಗಂಜಿ ಹಾಕಿ, ತೆಗೆದು, ಮತ್ತೆ ಹಾಕಿ ತೂಗಿದರು. ಹತ್ತೂ ಒಂದೇ ತೂಕ. ವ್ಯತ್ಯಾಸವಿದ್ದರೆ ಒಂದು ಗುಲಗಂಜಿಯಷ್ಟು. ನನಗೆ ನಿರಾಸೆಯೇ ಆಯಿತೆನ್ನಿ. ಮೋಸ ಹಿಡಿಯಲು ಹೊರಟವನಿಗೆ ಮೋಸ ಸಿಗದಿದ್ದರೆ ಬೇಜಾರಾಗುವುದಿಲ್ಲವೇ?

ವಾರವಾರವೂ ಈ ಅಂಕಣ ಓದುವ ನಿಮಗೆ ನನ್ನ ಸ್ವಭಾವ ಹೊಸದಲ್ಲ. ನಾನು ಪ್ಲೀಡರು. ಎದುರಿಗೆ ಕೂತವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೇ ಮಾತು ಶುರುಮಾಡುವುದು ನನ್ನ ವೃತ್ತಿ. ಅದು ಕೋರ್ಟಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಹಾಲಿನವಳು, ಅಗಸ, ಬಸ್ ಕಂಡಕ್ಟರು, ಯಾರನ್ನೂ ನಾನು ಬಿಟ್ಟವನಲ್ಲ. (ನಮ್ಮ ಮನೆಯಾಕೆ ಇದನ್ನು ಓದಿದರೆ, "ನನ್ನ ಹೆಸರು ಯಾಕೆ ಬಿಟ್ಟಿರಿ?" ಎಂದು ಕೇಳುವುದು ಖಂಡಿತ.)

ರೈಫಲ್ಲು ನನ್ನದಲ್ಲ, ಕೊರಟಗೆರೆಯ ನಮ್ಮ ಮಾವನವರದು. ಅವರ ಕಣ್ಣು ಮಂಜಾದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. ಥರ್ಟಿ-ನಾಟ್-ಸಿಕ್ಸ್ ಎನ್ನುತ್ತಾರೆ. ಹಳೆಯದು, ಆದರೆ ಗಟ್ಟಿ. ಅವರು ಕೂಡಿಟ್ಟಿದ್ದ ತೋಟಾಗಳು ಹೋದ ವರ್ಷಕ್ಕೇ ಮುಗಿದವು. ವಿಲಾಯತಿ ಮಾಲು ಬರುವುದು ಕಡಿಮೆಯಾಗಿರುವ ಈ ಕಾಲದಲ್ಲಿ ಹೊಸದು ಎಲ್ಲಿ ಸಿಗಬೇಕು? ನಾಲ್ಕು ತಾಲ್ಲೂಕಿಗೂ ಒಂದೇ ಉತ್ತರ: ಸಿರಾದ ಗಫೂರ್ ಸಾಹೇಬರ ಅಂಗಡಿ.

ಮುಂದೆ ಬೀಗ, ಲಾಟೀನು. ಹಿಂದೆ ಕಬ್ಬಿಣದ ಬೀರುವಿನಲ್ಲಿ ತೋಟಾ. ಸಾಹೇಬರು ಬಿಳಿ ಗಡ್ಡದವರು, ಮೆದುಮಾತಿನವರು. (ಮೆದುಮಾತು ಕೇಳಿದರೆ ನನಗೆ ಅನುಮಾನ ಇಮ್ಮಡಿಯಾಗುತ್ತದೆ.) ನಾನು ರೈಫಲ್ಲಿನ ನಂಬರು ಹೇಳಿದೆ. ಅವರು ಬೀರುವಿನ ಕಡೆ ತಿರುಗಲೇ ಇಲ್ಲ.

"ಜಾನ್ವರ್ ಯಾವ್ದು, ವಕೀಲ್ ಸಾಬ್?"

"ಯಾವುದಾದರೇನು? ತೋಟಾ ಕೊಡಿ."

"ಹಂಗಲ್ಲ. ಕಾರ್ತೂಸ್ ಒಂದೇ, ಗುಂಡು ಬೇರೆ ಬೇರೆ. ನೂರೈವತ್ತು ಗ್ರೇನ್ ಐತೆ, ಇನ್ನೂರಿಪ್ಪತ್ತೂ ಐತೆ. ಜಾನ್ವರ್ ಹೇಳಿ, ಎಷ್ಟ್ ದೂರ ಹೇಳಿ. ಆಮೇಲ್ ಕೊಡ್ತೀನಿ."

ಗ್ರೇನ್ ಎಂದರೆ ಸುಮಾರು ಅರ್ಧ ಗುಲಗಂಜಿ. ಅಷ್ಟು ಸಣ್ಣ ಲೆಕ್ಕಕ್ಕೆ ಇಷ್ಟು ದೊಡ್ಡ ವಿಚಾರಣೆಯೇ? ಪ್ರಾಣಿ ಯಾವುದು ಎಂದು ತಿಳಿದುಕೊಂಡು ಈ ಮನುಷ್ಯನಿಗೆ ಆಗಬೇಕಾದದ್ದೇನು?

ಏನಾಗಬೇಕು ಎಂಬುದು ನನಗೆ ತಕ್ಷಣ ಹೊಳೆಯಿತು. ಮಿಡಿಗೇಶಿ ಕಡೆಯ ಕಡಲೆಕಾಯಿ ಹೊಲಗಳಿಗೆ ಒಂಟಿ ಹಂದಿಯೊಂದು ಬೀಳುತ್ತಿತ್ತು. ಕರುವಿನಷ್ಟು ಎತ್ತರದ್ದಂತೆ. ಅಲ್ಲಿನ ಕಾವಲುಗಾರ ಕದಿರಪ್ಪ ಅದರ ಹೆಜ್ಜೆ ನೋಡಿ ಬಂದು ನನಗೊಬ್ಬನಿಗೇ ಹೇಳಿದ್ದ. ಬಂದೂಕು ಇದ್ದವರೆಲ್ಲ ಬರುವ ಅಂಗಡಿ ಇದು. ಇಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಬಡವನಹಳ್ಳಿಯ ಶಿಕಾರಿ ಗುಂಪಿಗೆ ಸುದ್ದಿ ಮುಟ್ಟುತ್ತದೆ, ಭಾನುವಾರದೊಳಗೆ ನನ್ನ ಹಂದಿ ಅವರ ಪಾಲಾಗುತ್ತದೆ. ಸಾಹೇಬರ ಪ್ರಶ್ನೆಯ ಒಳಗುಟ್ಟು ಇದೇ ಎಂದು ತೀರ್ಮಾನಿಸಿಬಿಟ್ಟೆ.

"ಜಿಂಕೆ" ಎಂದೆ.

"ದೂರ?"

"ಇನ್ನೂರು ಗಜ."

"ಬಯಲಾ, ಪೊದೆನಾ?"

"ಬಯಲು. ಪಾವಗಡದ ಕಡೆ."

ಸುಳ್ಳು ಹೇಳುವಾಗ ಊರಿನ ಹೆಸರು ಸೇರಿಸಬೇಕು, ಆಗ ನಂಬುತ್ತಾರೆ. ನನ್ನ ಕಕ್ಷಿದಾರರಿಂದ ಕಲಿತದ್ದು. ಸಾಹೇಬರು ನಂಬಿದರು. ಬೀರು ತೆಗೆದು, ಇನ್ನೂರಿಪ್ಪತ್ತರ ಡಬ್ಬಿಯನ್ನು ಬಿಟ್ಟು, ನೂರೈವತ್ತರ ಡಬ್ಬಿ ಎತ್ತಿಕೊಂಡರು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅದರ ಮುಚ್ಚಳದ ಮೇಲೆ ಉರ್ದುವಿನಲ್ಲಿ ಎರಡು ಸಾಲು ಬರೆದರು.

ನನಗೆ ಉರ್ದು ಬಾರದು. ಏನು ಬರೆದಿರಬಹುದು? ಗಿರಾಕಿ ಎಂಥವನು ಎಂಬ ಗುರುತೇ? ಮುಂದಿನ ಸಲ ಎಷ್ಟು ಕೀಳಬಹುದು ಎಂಬ ಅಂದಾಜೇ? ಕೇಳಬಹುದಿತ್ತು. ಕೇಳಲಿಲ್ಲ. ಅನುಮಾನದವನು ಕೇಳುವುದಿಲ್ಲ, ಗೊತ್ತೇ? ಕೇಳಿದರೆ ಎದುರಿನವನು ಸುಳ್ಳು ಹೇಳಿಬಿಡುತ್ತಾನಲ್ಲ!

ಅದಕ್ಕೇ ಮಧುಗಿರಿಗೆ ಬಂದವನೇ ಆಚಾರರ ಅಂಗಡಿಗೆ ಹೋದದ್ದು. ತೂಕ ಸರಿ ಇತ್ತು. ಸಮಾಧಾನವಾಯಿತು. ಹಗುರವಾದ ಗುಂಡು ಹೆಚ್ಚು ಜೋರಾಗಿ ಹೋಗುತ್ತದೆ ಎಂದು ಎಲ್ಲೋ ಓದಿದ್ದೆ. ಜೋರಾಗಿ ಹೋದರೆ ಹಂದಿ ಇನ್ನೂ ಜೋರಾಗಿ ಬೀಳುತ್ತದೆ, ಅಷ್ಟೇ ತಾನೇ?

ಭಾನುವಾರ ಬೆಳಿಗ್ಗೆ ಮಿಡಿಗೇಶಿಯ ಆಚೆ ಒಂದು ಒಣಹಳ್ಳದ ದಂಡೆಯಲ್ಲಿ ಕೂತೆವು. ಹೊಲದಲ್ಲಿ ಹೊಟ್ಟೆ ತುಂಬಿಸಿಕೊಂಡು ಗುಡ್ಡಕ್ಕೆ ಮರಳುವ ಹಂದಿ ಆ ಹಳ್ಳ ಹಿಡಿದೇ ಬರುತ್ತದೆಂದು ಕದಿರಪ್ಪ ನಾಲ್ಕು ದಿನ ಕಾದು ನೋಡಿದ್ದ. ಈ ಕದಿರಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಸುಗ್ಗಿಯವರೆಗೆ ಹೊಲದ ಕಾವಲು, ಸುಗ್ಗಿ ಮುಗಿದರೆ ಹುಣಸೆ ಮರ ಹತ್ತಿ ಕಾಯಿ ಬಡಿಯುವುದು. ಅವನಷ್ಟು ಎತ್ತರದ ಕೊಂಬೆಗೆ ಹೋಗುವವನು ಆ ಹೋಬಳಿಯಲ್ಲೇ ಇಲ್ಲ. ಅವನ ಅನ್ನ ಇರುವುದು ಆ ಎರಡು ಕಾಲಿನಲ್ಲಿ.

ನಾನು ತೋಟಾ ತುಂಬುವುದನ್ನು ಅವನು ನೋಡಿದ. ಒಂದನ್ನು ಕೈಗೆ ತಗೊಂಡು ಹೊರಳಿಸಿದ.

"ಏನ್ ಸ್ವಾಮಿ, ಇದ್ರ ಮೂತಿ ಚೂಪಾಗೈತೆ? ದೊಡ್ಡೋರ ಕಾಲ್ದಾಗೆ ಹೆಬ್ಬೆಟ್ನಂಗೆ ಮೊಂಡಕಿರ್ತಿತ್ತಲ್ಲ, ಉದ್ದಕೆ?"

"ಇದು ಹೊಸ ಮಾಲು."

"ಹಂದಿಗ್ ಆಯ್ತದಾ?"

"ನಿನಗೇನು ಗೊತ್ತು? ಕೊಡು ಇಲ್ಲಿ" ಎಂದೆ. ಮಾವನವರ ಜೊತೆ ಇಪ್ಪತ್ತು ವರ್ಷ ತಿರುಗಿದವನು ಅವನು. ನಾನು ಮೂರು ಸಲ ಶಿಕಾರಿಗೆ ಹೋದವನು. ಆದರೂ ಇವನು ನನ್ನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಾನೆ ಎಂದೇ ನನಗೆ ಅನಿಸಿತು. ಅವನು ತೋಟಾ ಹಿಂದಕ್ಕೆ ಕೊಟ್ಟ. ಕೆಳಗಿನ ಬಂಡೆಯ ಪಕ್ಕ ಹೋಗಿ ಕೂತ.

ಬಿಸಿಲು ಏರುವ ಹೊತ್ತಿಗೆ ಹಂದಿ ಬಂತು. ಮೈಯೆಲ್ಲ ಒಣಗಿದ ಕೆಸರು. ಮೂವತ್ತು ಹೆಜ್ಜೆ ದೂರವಿರಬಹುದು. ಭುಜಕ್ಕೆ ಗುರಿಯಿಟ್ಟೆ, ಹೊಡೆದೆ. ಗುಂಡು ನಾನು ಇಟ್ಟ ಜಾಗಕ್ಕೇ ಬಿತ್ತು. ಕೆಸರು ಹಾರಿದ್ದನ್ನು ಕಣ್ಣಾರೆ ಕಂಡೆ.

ಹಂದಿ ಬೀಳಲಿಲ್ಲ. ಒಮ್ಮೆ ಮುಗ್ಗರಿಸಿತು, ತಿರುಗಿತು, ನೇರ ಬಂಡೆಯ ಕಡೆಗೆ ನುಗ್ಗಿತು.

ಕದಿರಪ್ಪ ಎದ್ದು ನಿಲ್ಲುವುದರೊಳಗೆ ಅದು ಅವನನ್ನು ದಾಟಿಹೋಗಿತ್ತು. ದಾಟಿಹೋಗುತ್ತ ಬಲತೊಡೆಯನ್ನು ಕೋರೆಯಿಂದ ಸೀಳಿತ್ತು. ಇನ್ನೊಂದು ಗುಂಡು ಹೊಡೆಯಲು ನನಗೆ ಕೈಯೇ ಏಳಲಿಲ್ಲ. ಇಂದಿಗೂ ಆ ಗಳಿಗೆ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹಂದಿ ಫರ್ಲಾಂಗ್ ದೂರದಲ್ಲಿ ಸತ್ತು ಬಿದ್ದಿತ್ತಂತೆ. ಕೊಯ್ದವರು ಹೇಳಿದರು: ಗುಂಡು ಭುಜದ ದಪ್ಪ ತೊಗಲಿಗೆ ತಾಕಿದಲ್ಲೇ ಚೂರುಚೂರಾಗಿತ್ತು, ಒಂದು ಸಣ್ಣ ಚೂರು ಮಾತ್ರ ಒಳಗೆ ಹೋಗಿತ್ತು.

ಮಿಡಿಗೇಶಿಯಿಂದ ಬರುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕದಿರಪ್ಪನನ್ನು ಮಲಗಿಸಿಕೊಂಡು ಮಧುಗಿರಿಯ ಆಸ್ಪತ್ರೆಗೆ ತಂದೆವು. ದಾರಿಯುದ್ದಕ್ಕೂ ಅವನು ಹೇಳಿದ್ದು ಒಂದೇ.

"ಆ ಸಾಬ್ರು ನಿಮ್ಗೆ ಕೆಟ್ ಮಾಲ್ ಕೊಟ್ಬುಟ್ರು ಸ್ವಾಮಿ. ನಿಮ್ ಗುರಿ ಸರಿಯಾಗೇ ಇತ್ತು. ನಾನ್ ನೋಡ್ದೆ ಕಣ್ ಸ್ವಾಮಿ."

ನಾನು "ಹೌದು" ಎಂದೆ. ಹಾಗೆಂದು ಮನಸಾರೆ ನಂಬಿದ್ದೆ ಕೂಡ.

ಡಾಕ್ಟರು ಒಳಗೆ ಹೊಲಿಗೆ ಹಾಕುತ್ತಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಗಫೂರ್ ಸಾಹೇಬರಿಗೆ ಲಾಯರ್ ನೋಟಿಸ್ ಬರೆಯಲು ಶುರುಮಾಡಿದೆ! ಡಬ್ಬಿಯ ಮೇಲಿನ ವಿವರಗಳನ್ನೆಲ್ಲ ಇಳಿಸಿಕೊಂಡೆ. ಆ ಪೆನ್ಸಿಲ್ ಬರಹವೊಂದು ಉಳಿಯಿತು. ಸಾಕ್ಷಿಗೆ ಬೇಕಲ್ಲ? ಆ ಕಡೆ ಬ್ಯಾಂಡೇಜು ಸುತ್ತುತ್ತ ಕೂತಿದ್ದ ಡ್ರೆಸರ್ ಸಿರಾ ಕಡೆಯವರು, ಉರ್ದು ಬಲ್ಲವರು. ಡಬ್ಬಿಯನ್ನು ಅವರ ಕೈಗೆ ಕೊಟ್ಟೆ.

"ನಮ್ ಗಫೂರ್ ಚಾಚಾ ಬರೆದಿದ್ದು ಇದು" ಎಂದು ನಕ್ಕರು. "ಎಲ್ಲಾ ಡಬ್ಬಿ ಮೇಲೂ ಬರೀತಾರೆ."

"ಏನಂತ?"

ಡ್ರೆಸರ್ ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದರು.

"'ಜಿಂಕೆಗೆ, ಬಯಲಲ್ಲಿ. ಹಂದಿ ಎದುರಾದರೆ ಇದರಲ್ಲಿ ಹೊಡೀಬೇಡಿ, ಹೋಗೋಕೆ ಬಿಡಿ.'"

ನಾನು ನೋಟಿಸನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಹತ್ತು ತೋಟಾ ತೂಗಿಸಲು ನನಗೆ ಪುರುಸೊತ್ತಿತ್ತು. ಎರಡು ಸಾಲು ಓದಿಸಲು ಇರಲಿಲ್ಲ. ಸಾಹೇಬರು ನಾನು ಹೇಳಿದ ಪ್ರಾಣಿಗೆ ಸರಿಯಾದ ಗುಂಡನ್ನೇ ಕೊಟ್ಟಿದ್ದರು. ಆ ಪ್ರಾಣಿ ಅಲ್ಲಿರಲಿಲ್ಲ, ಅಷ್ಟೇ. ದೂರದ ಜಿಂಕೆಗೆ ಹಗುರ ಗುಂಡು, ಹತ್ತಿರದ ಹಂದಿಗೆ ಭಾರದ್ದು. ಹಗುರದ್ದು ನೇರವಾಗಿ ದೂರ ಹೋಗುತ್ತದೆ, ಆದರೆ ಹತ್ತಿರದಲ್ಲಿ ಗಟ್ಟಿ ತೊಗಲಿಗೆ ಬಡಿದರೆ ಒಡೆದುಹೋಗುತ್ತದೆ. ಭಾರದ್ದು ನಿಧಾನ, ಆದರೆ ಮೂಳೆ ಅಡ್ಡ ಬಂದರೂ ಒಳಗೆ ನುಗ್ಗುತ್ತದೆ. ಕದಿರಪ್ಪನಿಗೆ ಅದರ ಆಕಾರ ನೋಡಿಯೇ ತಿಳಿದಿತ್ತು.

ಹೋದ ವಾರ ಸಿರಾಕ್ಕೆ ಹೋದೆ. ತಪ್ಪೊಪ್ಪಿಕೊಳ್ಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಸಾಹೇಬರಿಗೆ ಸುದ್ದಿ ಮೊದಲೇ ಮುಟ್ಟಿತ್ತು.

"ಆ ಮನುಷ್ಯ ಹೆಂಗವ್ನೆ, ವಕೀಲ್ ಸಾಬ್?"

"ಗಾಯ ಮಾಗುತ್ತಿದೆ. ನಡೀತಾನೆ. ಮರ ಹತ್ತೋದು ಇನ್ನು ಆಗಲ್ಲ ಅಂದರು ಡಾಕ್ಟರು."

ಮಿಡಿಗೇಶಿ ಕಡೆಯ ಇಬ್ಬರು ಬಂದು, "ನಿಮ್ಮ ತೋಟಾ ಒಡೆದುಹೋಗುತ್ತವಂತೆ" ಎಂದು ಡಬ್ಬಿ ವಾಪಸು ಕೊಟ್ಟುಹೋದರಂತೆ. ಅದನ್ನೂ ಸಾಹೇಬರು ಸಿಟ್ಟಿಲ್ಲದೆ ಹೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ಅಷ್ಟೇ. ಹೊರಡುವಾಗ ಏನಾದರೂ ಕೊಳ್ಳದೆ ಹೋಗುವುದು ಸರಿಯಲ್ಲವೆನಿಸಿ ಭಾರದ ಗುಂಡಿನ ಐದು ತೋಟಾ ಕೇಳಿದೆ.

"ಜಾನ್ವರ್ ಯಾವ್ದು?"

"ಹಂದಿ."

ಅವರು ಬೀರುವಿನ ಬಾಗಿಲಿಗೆ ಕೈಯಿಟ್ಟು ತಿರುಗಿ ನೋಡಿದರು.

"ನಿಜಾನಾ?"

ಹದಿನೆಂಟು ವರ್ಷ ಸಾಕ್ಷಿಗಳಿಗೆ ನಾನು ಕೇಳುತ್ತ ಬಂದ ಮಾತು ಅದು. ನನ್ನನ್ನು ಯಾರೂ ಕೇಳಿರಲಿಲ್ಲ.

ಸಾಹೇಬರಿಗೆ ಹೇಳಿಯಾಯಿತು. ಕದಿರಪ್ಪನಿಗೆ? ಮೂರು ಸಲ ನೋಡಲು ಹೋದೆ, ಮೂರು ಸಲವೂ ಹೇಳದೆ ಬಂದೆ. ಅವನು ಹಜಾರದಲ್ಲಿ ಕಾಲು ಚಾಚಿ ಕೂತು, ಬಂದವರಿಗೆಲ್ಲ, "ನಮ್ ಸ್ವಾಮೇರ್ದೇನೂ ತಪ್ಪಿಲ್ಲ, ಆ ಸಿರಾ ಸಾಬ್ರು ಮೋಸ ಮಾಡ್ಬುಟ್ರು" ಎನ್ನುತ್ತಾನೆ. ಪಕ್ಕದಲ್ಲಿ ಕೂತು ನಾನು ಅವನ ಮನೆಯ ಕಾಫಿ ಕುಡಿಯುತ್ತೇನೆ.

ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳೋಣ ಎಂದು ಇಲ್ಲಿ ಬರೆದಿದ್ದೇನೆ. ಬರೆದು ಮುಗಿಸುವ ಹೊತ್ತಿಗೆ ಹಳೆಯ ಚಾಳಿ ಎದ್ದು ಕೂತಿತು, ಈ ಸಲ ನನ್ನ ಮೇಲೇ ಅನುಮಾನ. ಕದಿರಪ್ಪನಿಗೆ ಓದಲು ಬರುವುದಿಲ್ಲ. ಆ ಧೈರ್ಯದಿಂದಲೇ ಬರೆದೆನೇ?

ನಿಮ್ಮಲ್ಲಿ ಯಾರಾದರೂ ಮಿಡಿಗೇಶಿ ಕಡೆ ಹೋಗುವವರಿದ್ದರೆ, ಇದನ್ನು ಅವನಿಗೆ ಓದಿ ಹೇಳುತ್ತೀರಾ?